ಸಾಸಿವೆಯಷ್ಟು, ಸಾಸಿವೆಯಂತೆ: ನಂಬಿಕೆಯ ಸಾಮ್ಯವೊಂದರ ಕನ್ನಡ ರೂಪ ಮತ್ತು ಪೂರ್ವ ಬಯಲುಸೀಮೆಯ ಓದು

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಸಾಸಿವೆಕಾಳು ಐದು ಕಡೆ ಬರುತ್ತದೆ. ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲಿಯೂ ಒಂದೊಂದು ಸಲ ದೇವರ ರಾಜ್ಯವನ್ನು ಸಾಸಿವೆಕಾಳಿಗೆ ಹೋಲಿಸಲಾಗಿದೆ. ಮತ್ತಾಯ ಮತ್ತು ಲೂಕರಲ್ಲಿ ಇನ್ನೊಂದೊಂದು ಸಲ ಮನುಷ್ಯನ ನಂಬಿಕೆಯನ್ನು ಅದೇ ಕಾಳಿನ ಮೂಲಕ ಹೇಳಲಾಗಿದೆ. ಮೊದಲ ಬಗೆಯಲ್ಲಿ ಕಾಳು ಬಿತ್ತಲ್ಪಟ್ಟು, ಬೆಳೆದು, ಹಕ್ಕಿಗಳಿಗೆ ಆಸರೆಯಾಗುತ್ತದೆ. ಎರಡನೆಯ ಬಗೆಯಲ್ಲಿ ಬಿತ್ತುವ ಮಾತೇ ಇಲ್ಲ. ಅಂಥ ನಂಬಿಕೆ ಇದ್ದರೆ ಬೆಟ್ಟವೂ ಮರವೂ ಸ್ಥಳ ಬದಲಿಸುತ್ತವೆ ಎಂಬ ಮಾತು ಮಾತ್ರ ಇದೆ. ಉಪದೇಶಗಳಲ್ಲಿ ಈ ಎರಡನ್ನೂ ಬೆರೆಸಿ 'ಅಲ್ಪ ಆರಂಭದಿಂದ ನಂಬಿಕೆ ಬೆಳೆಯುತ್ತದೆ' ಎಂಬ ಒಂದೇ ಅರ್ಥಕ್ಕೆ ತರುವುದು ವಾಡಿಕೆ. ಈ ಬೆರಕೆಯಲ್ಲಿ ಕನ್ನಡ ಭಾಷೆಯ ಪಾತ್ರವೇನು, ಕನ್ನಡಕ್ಕೆ ಬಂದಾಗ ಈ ಕಾಳು ಏನನ್ನು ಪಡೆಯಿತು, ಏನನ್ನು ಬಿಟ್ಟುಕೊಟ್ಟಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸೀಮೆಯನ್ನು ನೆಲೆಯಾಗಿ ಆರಿಸಿಕೊಂಡಿದೆ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು 2007ರಲ್ಲಿ ಪ್ರತ್ಯೇಕ ಜಿಲ್ಲೆಯ ಭಾಗವಾದ ಈ ತಾಲ್ಲೂಕುಗಳು ರಾಗಿಯ ಹೊಲಗಳ ನಾಡು. ಸಾಸಿವೆ ಇಲ್ಲಿ ಒಕ್ಕಲಿನ ನಿತ್ಯದ ವಸ್ತು. ಎರಡನೆಯದಾಗಿ, ಇಲ್ಲಿ ಅನೇಕರ ಮನೆಮಾತು ತೆಲುಗು, ಓದಿನ ಮಾತು ಕನ್ನಡ. ಒಂದೇ ಸಾಮ್ಯವನ್ನು ಎರಡು ಭಾಷೆಗಳಲ್ಲಿ ಕೇಳಬಲ್ಲ ಜನ ಇಲ್ಲಿದ್ದಾರೆ. ಮೂರನೆಯ ಕಾರಣವೆಂದರೆ, ಮೂರು ಶತಮಾನಗಳ ಹಿಂದೆಯೇ ಕ್ರೈಸ್ತ ಬೋಧಕರು ಕಾಲಿಟ್ಟಿದ್ದರೂ ಕ್ರೈಸ್ತರ ಸಂಖ್ಯೆ ಇಲ್ಲಿ ಎಂದೂ ದೊಡ್ಡದಾಗಲಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಒಟ್ಟು ಜನಸಂಖ್ಯೆ 12,55,104. ಅದರಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ ಒಂದನ್ನು ಮುಟ್ಟುವುದಿಲ್ಲ. ಹೀಗಿರುವಾಗ ಸಣ್ಣ ಕಾಳು ದೊಡ್ಡ ಮರವಾಗುವ ಸಾಮ್ಯವನ್ನು ಇಲ್ಲಿ ಹೇಗೆ ಓದಬೇಕು ಎಂಬುದು ಒಣ ಪಾಂಡಿತ್ಯದ ಪ್ರಶ್ನೆಯಲ್ಲ.

ಅಳತೆಯಾಗಿ ಸಾಸಿವೆ

ಸಾಸಿವೆ ಎಂಬ ರೂಪ ಸಂಸ್ಕೃತದ 'ಸರ್ಷಪ'ದಿಂದ ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದದ್ದು. ಹಳಗನ್ನಡ, ನಡುಗನ್ನಡಗಳಲ್ಲಿ 'ಸಾಸವೆ' ಎಂಬ ರೂಪವೂ ಉಂಟು. ನೆರೆಯ ತೆಲುಗಿನಲ್ಲಿ ಇದು 'ಆವಾಲು', ತಮಿಳಿನಲ್ಲಿ 'ಕಡುಗು'. ಸಂಸ್ಕೃತದಲ್ಲಿ ಸರ್ಷಪ ಬೀಜದ ಹೆಸರಷ್ಟೇ ಆಗಿರದೆ ತೂಕದ ಮಾನವೂ ಆಗಿತ್ತು. ಧರ್ಮಶಾಸ್ತ್ರಗಳಲ್ಲಿ ಚಿನ್ನ ಬೆಳ್ಳಿಗಳ ತೂಕವನ್ನು ಹೇಳುವಾಗ ತ್ರಸರೇಣುವಿನಿಂದ ತೊಡಗಿ ಮೇಲಕ್ಕೇರುವ ಮೆಟ್ಟಿಲುಗಳಲ್ಲಿ ರಾಜಸರ್ಷಪ, ಗೌರಸರ್ಷಪಗಳಿಗೆ ಸ್ಥಾನವಿದೆ. ಯೆಹೂದ್ಯರ ಮಿಶ್ನಾದಲ್ಲಿ ಅತ್ಯಲ್ಪ ಪ್ರಮಾಣವನ್ನು ಸೂಚಿಸಲು ಸಾಸಿವೆಕಾಳನ್ನು ಬಳಸಲಾಗಿದೆ. ಕುರ್‌ಆನಿನಲ್ಲಿಯೂ ಅಂತಿಮ ತೀರ್ಪಿನ ದಿನ ಸಾಸಿವೆಕಾಳಿನ ತೂಕದಷ್ಟು ಕರ್ಮವೂ ಲೆಕ್ಕಕ್ಕೆ ಬರುತ್ತದೆಂಬ ಮಾತಿದೆ. ಪಶ್ಚಿಮ ಏಷ್ಯಾದಿಂದ ಭಾರತದವರೆಗೆ ಹರಡಿದ ಒಂದು ಸಾಮಾನ್ಯ ನುಡಿಕ್ರಮ ಇದು ಎನ್ನಬಹುದು. ಸಾಸಿವೆಗಿಂತ ಚಿಕ್ಕ ಬೀಜಗಳಿವೆಯಲ್ಲ, ದಂಟಿನ ಬೀಜ ಇನ್ನೂ ಚಿಕ್ಕದಲ್ಲವೇ ಎಂಬ ಆಕ್ಷೇಪವನ್ನು ಆಗಾಗ ಕೇಳುತ್ತೇವೆ. ಸುವಾರ್ತೆಯ ಮಾತು ಸಸ್ಯಶಾಸ್ತ್ರದ ಹೇಳಿಕೆಯಾಗಿರದೆ ನಾಣ್ಣುಡಿಯ ಮಾತಾಗಿರುವುದರಿಂದ ಆ ಆಕ್ಷೇಪಕ್ಕೆ ಇಲ್ಲಿ ಹೆಚ್ಚಿನ ಅವಕಾಶವಿಲ್ಲ.

ಕನ್ನಡದಲ್ಲಿಯೂ ಸಾಸಿವೆ ಮೊದಲಿನಿಂದ ಅಳತೆಯ ಮಾತೇ. ಸುಖದ ಅಲ್ಪತೆಯನ್ನು ಸಾಸಿವೆಯಿಂದಲೂ ದುಃಖದ ಅಗಾಧತೆಯನ್ನು ಸಾಗರದಿಂದಲೂ ಅಳೆಯುವ ಕ್ರಮ ವಚನಸಾಹಿತ್ಯದಲ್ಲಿದೆ. ಅಲ್ಲಿ ಸಾಸಿವೆಯನ್ನು ಯಾರೂ ಬಿತ್ತುವುದಿಲ್ಲ; ಅದು ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತಿರುತ್ತದೆ, ಅಷ್ಟೇ. ಆಡುಮಾತಿನಲ್ಲಿ ಇದಕ್ಕೆ ಸಮೀಪದ ಇನ್ನೊಂದು ಪ್ರಯೋಗ 'ಎಳ್ಳಷ್ಟು'. ಇವೆರಡರ ನಡುವೆ ಸೂಕ್ಷ್ಮವಾದ ಒಂದು ವ್ಯತ್ಯಾಸವಿದೆ. 'ಎಳ್ಳಷ್ಟೂ' ಎಂಬುದು ಬಹುಮಟ್ಟಿಗೆ ನಿಷೇಧದೊಡನೆ ಬರುತ್ತದೆ: ಎಳ್ಳಷ್ಟೂ ಸಂಶಯವಿಲ್ಲ, ಎಳ್ಳಷ್ಟೂ ಕರುಣೆಯಿಲ್ಲ. 'ಸಾಸಿವೆಯಷ್ಟು' ಎಂಬುದು ಹಾಗಲ್ಲ. ಅದು ಇರುವಿಕೆಯನ್ನು ಒಪ್ಪಿಕೊಂಡು ಅದರ ಪ್ರಮಾಣವನ್ನು ಕಿರಿದುಮಾಡುತ್ತದೆ. ಎಳ್ಳು ಇಲ್ಲದಿರುವುದರ ಅಳತೆಯಾದರೆ ಸಾಸಿವೆ ಇರುವುದರ ಅಳತೆ. ಬೈಬಲಿನ ಭಾಷಾಂತರಕಾರರು ಎಳ್ಳನ್ನು ಬಿಟ್ಟು ಸಾಸಿವೆಯನ್ನೇ ಉಳಿಸಿಕೊಂಡದ್ದಕ್ಕೆ ಮೂಲನಿಷ್ಠೆಯೇ ಕಾರಣವಾದರೂ ಕನ್ನಡದ ಜಾಯಮಾನವೂ ಅವರ ಪಕ್ಷದಲ್ಲಿತ್ತು.

ಒಂದು ಪ್ರತ್ಯಯದ ಪ್ರಶ್ನೆ

ಕನ್ನಡ ಬೈಬಲಿನ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರ ಮತ್ತು ನಿಘಂಟುಕಾರರೂ ಆದ ವಿಲಿಯಂ ರೀವ್ ಅವರ ದುಡಿಮೆಯಿಂದ 1831ರ ವೇಳೆಗೆ ಪೂರ್ಣ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ಮುಂದೆ ಬಾಸೆಲ್ ಮಿಷನ್ನಿನವರೂ ಸೇರಿ ಪರಿಷ್ಕರಣಗಳು ನಡೆದವು. ಪ್ರಾಟೆಸ್ಟಂಟ್ ಪರಂಪರೆಯ ಪ್ರಚಲಿತ ಪಠ್ಯದಲ್ಲಿ ನಂಬಿಕೆಯನ್ನು ಕುರಿತ ಮಾತು 'ಸಾಸಿವೆ ಕಾಳಷ್ಟು ನಂಬಿಕೆ' ಎಂದೇ ನೆಲೆಗೊಂಡಿದೆ. ಕನ್ನಡ ಕ್ರೈಸ್ತರ ಪ್ರಾರ್ಥನೆಯಲ್ಲಿ, ಉಪದೇಶದಲ್ಲಿ, ಮನೆಮಾತಿನಲ್ಲಿ ಈ ನುಡಿಗಟ್ಟು ಹಾಸುಹೊಕ್ಕಾಗಿದೆ. ತೆಲುಗು ಬೈಬಲಿನ 'ಆವಗಿಂಜಂತ ವಿಶ್ವಾಸಮು' ಎಂಬುದೂ ಇದೇ ಜಾಡಿನದು.

ಗ್ರೀಕ್ ಮೂಲದಲ್ಲಿ ಈ ಸ್ಥಳದಲ್ಲಿರುವ ಪದ 'ಹೋಸ್'. ಇದು ಸಾದೃಶ್ಯವಾಚಕ, ಕನ್ನಡದ 'ಅಂತೆ', ಹಳಗನ್ನಡದ 'ವೋಲ್' ಇದಕ್ಕೆ ನೇರ ಸಂವಾದಿ. ಪರಿಮಾಣದ ಅರ್ಥ ಅದರಲ್ಲಿ ಸಂದರ್ಭದಿಂದ ಬರಬಹುದೇ ಹೊರತು ಪದದಲ್ಲಿಯೇ ಇಲ್ಲ. ಮಾರ್ಕನ ನಾಲ್ಕನೆಯ ಅಧ್ಯಾಯದಲ್ಲಿ ದೇವರ ರಾಜ್ಯವನ್ನು ಹೋಲಿಸುವಾಗ ಇದೇ 'ಹೋಸ್', ಇದೇ ಸಾಸಿವೆಕಾಳು ಒಟ್ಟಿಗೆ ಬರುತ್ತವೆ. ಅಲ್ಲಿ 'ಸಾಸಿವೆ ಕಾಳಷ್ಟು ರಾಜ್ಯ' ಎಂದು ಯಾರೂ ಅನುವಾದಿಸುವುದಿಲ್ಲ, ಹೋಲಿಕೆಯೆಂದೇ ತಿಳಿಯುತ್ತಾರೆ. ಅದೇ ಪದಸಂಯೋಜನೆ ನಂಬಿಕೆಯ ವಿಷಯಕ್ಕೆ ಬಂದ ಕೂಡಲೆ ಕನ್ನಡದಲ್ಲಿ 'ಅಷ್ಟು' ಎಂಬ ಪರಿಮಾಣವಾಚಕವಾಗುತ್ತದೆ. 'ಅಂತೆ' ಗುಣವನ್ನು ಹೇಳುತ್ತದೆ, 'ಅಷ್ಟು' ಮೊತ್ತವನ್ನು ಹೇಳುತ್ತದೆ. ಗ್ರೀಕಿನಲ್ಲಿ ತೆರೆದಿದ್ದ ಎರಡು ಬಾಗಿಲುಗಳಲ್ಲಿ ಒಂದು ಕನ್ನಡದಲ್ಲಿ ಮುಚ್ಚಿಕೊಂಡಿತು.

ಮುಚ್ಚಿದ್ದರಿಂದ ಆದ ನಷ್ಟವೇನು? ಮತ್ತಾಯನ ಹದಿನೇಳನೆಯ ಅಧ್ಯಾಯದ ಸಂದರ್ಭವನ್ನು ನೋಡಬೇಕು. ಶಿಷ್ಯರು ಒಬ್ಬ ರೋಗಿಯನ್ನು ವಾಸಿಮಾಡಲಾರದೆ, ತಮ್ಮಿಂದ ಏಕೆ ಆಗಲಿಲ್ಲವೆಂದು ಕೇಳುತ್ತಾರೆ. ಉತ್ತರವಾಗಿ ಬರುವ ಗ್ರೀಕ್ ಪದದಲ್ಲಿ ಪಾಠಭೇದವಿದೆ. ತಡವಾದ ಹಸ್ತಪ್ರತಿಗಳಲ್ಲಿ 'ಅಪಿಸ್ತಿಯಾ', ಅಂದರೆ ಅಪನಂಬಿಕೆ. ಪ್ರಾಚೀನವಾದ ಸೈನಾಯ್, ವ್ಯಾಟಿಕನ್ ಪ್ರತಿಗಳಲ್ಲಿ 'ಒಲಿಗೊಪಿಸ್ತಿಯಾ', ಅಂದರೆ ಅಲ್ಪನಂಬಿಕೆ. ಈಗಿನ ವಿದ್ವಾಂಸರು ಎರಡನೆಯದನ್ನೇ ಒಪ್ಪುತ್ತಾರೆ. ಹಾಗೆ ಒಪ್ಪಿದ ಮೇಲೆ 'ಅಷ್ಟು' ಎಂಬ ಅನುವಾದ ತೊಡಕಿಗೆ ಸಿಲುಕುತ್ತದೆ. ನಿಮ್ಮ ನಂಬಿಕೆ ಅಲ್ಪವಾದದ್ದರಿಂದ ಆಗಲಿಲ್ಲ ಎಂದು ಹೇಳಿದ ಬಾಯೇ, ಅತ್ಯಲ್ಪವಾದ ನಂಬಿಕೆಯಿದ್ದರೂ ಬೆಟ್ಟ ಸರಿಯುತ್ತದೆ ಎಂದು ಮರುವಾಕ್ಯದಲ್ಲಿ ಹೇಳಿದಂತಾಗುತ್ತದೆ. ಶಿಷ್ಯರ ನಂಬಿಕೆ ಸಾಸಿವೆಗಿಂತಲೂ ಕಡಿಮೆಯಾಗಿತ್ತೆಂದು ಸಮಾಧಾನ ಹೇಳಬಹುದು. ಅದು ತಕ್ಕಡಿ ಹಿಡಿದವನ ಸಮಾಧಾನ. ಲೂಕನ ಸಂದರ್ಭ ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಶಿಷ್ಯರು ತಮ್ಮ ನಂಬಿಕೆಯನ್ನು ಹೆಚ್ಚಿಸಬೇಕೆಂದು ಕೇಳಿಕೊಳ್ಳುತ್ತಾರೆ. ಕೇಳಿಕೆಯೇ ಪರಿಮಾಣದ ಭಾಷೆಯಲ್ಲಿದೆ. ಸಿಕ್ಕಿದ ಉತ್ತರ ಆ ಭಾಷೆಯನ್ನು ಒಪ್ಪುವುದಿಲ್ಲ. ಹೆಚ್ಚು ಕಡಿಮೆಗಳ ಮಾತನ್ನು ಬಿಟ್ಟು ಕಾಳಿನ ಕಡೆ ಕೈತೋರಿಸುತ್ತದೆ. ಕಾಳಿನ ಸ್ವಭಾವವೆಂದರೆ ಮಣ್ಣು ಸಿಕ್ಕರೆ ಮೊಳೆಯುವುದು. ಅಂಥ ನಂಬಿಕೆ, ಸಾಸಿವೆಯಂತೆ ಜೀವವಿರುವ ನಂಬಿಕೆ, ಎಂಬ ಅರ್ಥ ಇಲ್ಲಿ ಸಹಜವಾಗಿ ಒದಗುತ್ತದೆ. 'ಅಷ್ಟು' ಎಂಬ ಪ್ರತ್ಯಯ ಅದಕ್ಕೆ ಎಡೆಗೊಡುವುದಿಲ್ಲ.

ಭಾಷಾಂತರಕಾರರನ್ನು ದೂರುವುದು ಇಲ್ಲಿಯ ಉದ್ದೇಶವಲ್ಲ. 'ಸಾಸಿವೆ ಕಾಳಿನಂತಹ ನಂಬಿಕೆ' ಎಂದರೆ ಕನ್ನಡ ಕಿವಿಗೆ ಅದು ಅಪೂರ್ಣವೆನಿಸುತ್ತದೆ; ಯಾವ ವಿಷಯದಲ್ಲಿ ಕಾಳಿನಂತೆ ಎಂಬ ಪ್ರಶ್ನೆ ಏಳುತ್ತದೆ. 'ಅಷ್ಟು' ಎಂದರೆ ಮಾತು ಮುಗಿಯುತ್ತದೆ. ಕಡಮೆ ಪದಗಳಲ್ಲಿ ನೆನಪಿನಲ್ಲಿ ಉಳಿಯುವ ವಾಕ್ಯ ಬೇಕಾಗಿದ್ದವರಿಗೆ ಕನ್ನಡವೇ ಮುಂದಾಗಿ ಉತ್ತರ ಕೊಟ್ಟಿತ್ತು. ಆದರೆ ಸುಲಭವಾಗಿ ಸಿಕ್ಕ ಪದ ಅರ್ಥದ ದಿಕ್ಕನ್ನು ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

'ನಂಬಿಕೆ' ಎಂಬ ಪದದ ಆಯ್ಕೆಯನ್ನೂ ಇಲ್ಲಿ ಗಮನಿಸಬೇಕು. ಪ್ರಾಟೆಸ್ಟಂಟ್ ಅನುವಾದಗಳು 'ನಂಬಿಕೆ'ಯನ್ನೂ ಕಥೋಲಿಕ ಪರಂಪರೆ 'ವಿಶ್ವಾಸ'ವನ್ನೂ ಹಿಡಿದವು. ವಚನಕಾರರೂ ಹರಿದಾಸರೂ 'ನಂಬು' ಎಂಬ ಧಾತುವಿಗೆ ದೈವದಲ್ಲಿ ತನ್ನನ್ನು ಒಪ್ಪಿಸಿಕೊಳ್ಳುವ ಅರ್ಥವನ್ನು ಶತಮಾನಗಳ ಹಿಂದೆಯೇ ತುಂಬಿದ್ದರು. ಮಿಷನರಿಗಳು ಅದನ್ನು ಸಿದ್ಧವಸ್ತುವಾಗಿ ಪಡೆದರು. ತೆಲುಗಿನಲ್ಲಿ 'ನಮ್ಮು', 'ನಮ್ಮಕಮು' ಎಂಬ ದೇಶ್ಯ ರೂಪಗಳಿದ್ದರೂ ಅಲ್ಲಿಯ ಬೈಬಲು ಸಂಸ್ಕೃತದ 'ವಿಶ್ವಾಸಮು'ವನ್ನು ಆರಿಸಿತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನೆಲೆಸಿದ ಯೋಗಿ ನಾರೇಯಣ ಯತೀಂದ್ರರು, ಜನರ ಬಾಯಲ್ಲಿ ಕೈವಾರ ತಾತಯ್ಯನವರು, ತೆಲುಗು ಕನ್ನಡಗಳೆರಡರಲ್ಲಿಯೂ ಹಾಡಿದವರು. ಅವರ ಕೀರ್ತನೆಗಳನ್ನು ಕೇಳಿ ಬೆಳೆದ ಸೀಮೆಯಲ್ಲಿ ಭಕ್ತಿಯ ಪರಿಭಾಷೆಗೆ ಎರಡು ಭಾಷೆಗಳ ಗಡಿ ತೆಳುವಾದದ್ದು. ಅಂಥ ಕಡೆ ಒಬ್ಬ ಕ್ರೈಸ್ತನಿಗೆ ಒಂದು ಭಾಷೆಯಲ್ಲಿ ಧರ್ಮದ ಮಾತು ಮನೆಯ ಮಾತಿಗೆ ಹತ್ತಿರವಾಗಿಯೂ ಇನ್ನೊಂದರಲ್ಲಿ ಗ್ರಂಥದ ಗಾಂಭೀರ್ಯದಲ್ಲಿಯೂ ಕೇಳಿಸುತ್ತದೆ. ಇದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಅಕ್ಕಡಿಯ ಗಿಡ

ಈಗ ಬಿತ್ತಿದ ಸಾಸಿವೆಯ ಕಡೆಗೆ ಬರಬಹುದು. ಮೂವರು ಸುವಾರ್ತಿಕರು ಒಂದೇ ಸಾಮ್ಯವನ್ನು ಹೇಳಿದರೂ ಬಿತ್ತಿದ ಸ್ಥಳ ಬೇರೆ ಬೇರೆ: ಮಾರ್ಕನಲ್ಲಿ ಬರಿಯ ಭೂಮಿ, ಮತ್ತಾಯನಲ್ಲಿ ಹೊಲ, ಲೂಕನಲ್ಲಿ ತೋಟ. ಸಾಸಿವೆಯನ್ನು ತೋಟದ ಪಾತಿಯಲ್ಲಿ ಹಾಕದೆ ಹೊಲದಲ್ಲಿ ಬಿತ್ತಬೇಕೆಂಬ ಕಟ್ಟಳೆ ಮಿಶ್ನಾದಲ್ಲಿದ್ದು, ಯೆಹೂದ್ಯ ಓದುಗರನ್ನು ಉದ್ದೇಶಿಸಿದ ಮತ್ತಾಯ ಹೊಲವೆಂದೂ ಹೊರಗಿನವರಿಗಾಗಿ ಬರೆದ ಲೂಕ ತೋಟವೆಂದೂ ಹೇಳಿರುವುದು ಸಹಜವೆನಿಸುತ್ತದೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೆಳೆದ ಗಿಡದ್ದು. ಮತ್ತಾಯ ಲೂಕರಲ್ಲಿ ಅದು ಮರವಾಗುತ್ತದೆ. ಹಕ್ಕಿಗಳು ಕೊಂಬೆಗಳಲ್ಲಿ ವಾಸಿಸುತ್ತವೆ. ಮಾರ್ಕನಲ್ಲಿ ಮರದ ಮಾತೇ ಇಲ್ಲ. ಅದು ಎಲ್ಲ ಸೊಪ್ಪುಗಿಡಗಳಿಗಿಂತ ದೊಡ್ಡದಾಗುತ್ತದೆ, ಹಕ್ಕಿಗಳು ಅದರ ನೆರಳಿನಲ್ಲಿ ತಂಗುತ್ತವೆ, ಅಷ್ಟೇ. ಗಲಿಲಾಯ ಸೀಮೆಯ ಕರಿ ಸಾಸಿವೆ ಮೂರು ಮೀಟರಿನವರೆಗೆ ಏರಬಲ್ಲದಾದರೂ ಅದು ಒಂದು ಋತುವಿನ ಗಿಡವೇ.

ನಮ್ಮ ರಾಗಿ ಹೊಲದ ಸಾಸಿವೆ ಇನ್ನೂ ಚಿಕ್ಕದು. ಮನುಷ್ಯನ ಎದೆಮಟ್ಟ ದಾಟುವುದು ಅಪರೂಪ. ಅದನ್ನು ಈ ಸೀಮೆಯಲ್ಲಿ ವಾಡಿಕೆಯಾಗಿ ಬೆಳೆಯುವುದು ಅಕ್ಕಡಿಯಾಗಿ. ಹಲವು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ ಇವುಗಳನ್ನು ಬೆರೆಸಿ ಬಿಡುವ ಪದ್ಧತಿಗೆ ಅಕ್ಕಡಿ ಎಂದು ಹೆಸರು. ರಾಗಿ ಕೂರಿಗೆಯಲ್ಲಿ ಇಳಿಯುವಾಗ ಅಕ್ಕಡಿ ಕಾಳು ಹಿಂದೆ ಕಟ್ಟಿದ ಬೇರೊಂದು ಕೊಳವೆಯಿಂದ ಇಳಿಯುತ್ತದೆ. ಸಾಮಾನ್ಯವಾಗಿ ಅದನ್ನು ಬಿಡುವ ಕೈ ಹೆಂಗಸಿನದು. ಸಾಸಿವೆ ತೀರ ಸಣ್ಣದಾದ್ದರಿಂದ ಒಂದೇ ಕಡೆ ಬೀಳದಂತೆ ಮರಳನ್ನೋ ಬೇರೆ ಕಾಳನ್ನೋ ಬೆರೆಸುವುದುಂಟು. ಮಳೆ ಕೈಕೊಟ್ಟು ರಾಗಿ ಸೊರಗಿದರೆ ಮನೆಗೆ ಏನಾದರೂ ಬರುವುದು ಅಕ್ಕಡಿಯಿಂದ. ಕಣದ ರಾಶಿಯಲ್ಲಿ ಸಾಸಿವೆಗೆ ಜಾಗವಿಲ್ಲ. ಅದು ಮಡಕೆಯಲ್ಲಿ ಉಳಿದು ವರ್ಷವಿಡೀ ಒಗ್ಗರಣೆಗೆ ಆಗುತ್ತದೆ, ಮಗುವಿಗೆ ದೃಷ್ಟಿ ತೆಗೆಯುವಾಗ ಉಪ್ಪು ಮೆಣಸಿನಕಾಯಿಗಳ ಜೊತೆ ಸೇರುತ್ತದೆ. ಮುಖ್ಯ ಬೆಳೆಯೆಂದು ಯಾರೂ ಎಣಿಸದ, ಆದರೆ ಇಲ್ಲದೆ ಮನೆ ನಡೆಯದ ಬೆಳೆ ಅದು.

ಹೀಗೆ ಸಾಸಿವೆಯನ್ನು ಬಲ್ಲವನಿಗೆ ಸಾಸಿವೆ ಮರವಾಗುವ ಮಾತು ವಿಚಿತ್ರವಾಗಿ ಕೇಳಿಸಲೇಬೇಕು. ಮರದ ಹಿರಿಮೆಯನ್ನು ಹೇಳಲು ಈ ನಾಡಿನಲ್ಲಿ ಬೇರೆ ಮರಗಳಿವೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ವಿದುರನೇ ನೆಟ್ಟನೆಂದು ನಂಬಲಾದ ಅರಳಿಮರ 2001ರಲ್ಲಿ ಉರುಳುವವರೆಗೂ ಪೂಜೆಗೊಳ್ಳುತ್ತಿತ್ತು. ಆ ಕ್ಷೇತ್ರದ ಹೆಸರೇ ಮರದ್ದು. ಅರಳಿ ಆಲಗಳ ಬೀಜ ಸಾಸಿವೆಗಿಂತಲೂ ಸೂಕ್ಷ್ಮ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಆಲದ ಹಣ್ಣನ್ನು ಒಡೆಸಿ, ಅದರ ಬೀಜವನ್ನೂ ಒಡೆಸಿ, ಏನೂ ಕಾಣದ ಆ ಅಣುವಿನಿಂದಲೇ ಮಹಾವೃಕ್ಷ ನಿಂತಿದೆಯೆಂದು ತೋರಿಸಿ, ಶ್ರದ್ಧೆಯಿಡುವಂತೆ ಹೇಳುತ್ತಾನೆ. ಸಣ್ಣ ಬೀಜ, ದೊಡ್ಡ ಮರ, ಶ್ರದ್ಧೆ ಮೂರೂ ಅಲ್ಲಿವೆ. ಬರಿಯ ಕಿರಿದು ಹಿರಿದುಗಳ ವೈದೃಶ್ಯವೇ ಸುವಾರ್ತೆಯ ಸಾಮ್ಯದ ಸಾರವಾಗಿದ್ದರೆ ಭಾರತೀಯ ಅನುವಾದಕ್ಕೆ ಆಲ ಅರಳಿಗಳೇ ಸಾಕಾಗುತ್ತಿದ್ದವು. ಆದರೆ ಎರಡು ಕಥನಗಳ ನಡೆ ಬೇರೆ. ಉಪನಿಷತ್ತಿನಲ್ಲಿ ಬೀಜವನ್ನು ಒಡೆದು ಒಳಗೆ ನೋಡಬೇಕು. ಅಲ್ಲಿ ಕಾಣಬೇಕಾದ ಸತ್ಯ ಈಗಲೇ ಇದೆ, ಕಾಲದ ಹಂಗಿಲ್ಲ. ಸುವಾರ್ತೆಯಲ್ಲಿ ಬೀಜವನ್ನು ಮಣ್ಣಿಗೆ ಬಿಟ್ಟು ಕಾಯಬೇಕು.

ಸಾಸಿವೆಯ ಆಯ್ಕೆಯಲ್ಲಿ ಒಂದು ಮೆಲುನಗೆಯೂ ಇದೆಯೆಂದು ಹೇಳಲು ಆಧಾರವಿದೆ. ಹಳೆ ಒಡಂಬಡಿಕೆಯ ಯೆಹೆಜ್ಕೇಲ ಮತ್ತು ದಾನಿಯೇಲ ಗ್ರಂಥಗಳಲ್ಲಿ ಹಕ್ಕಿಗಳು ಆಶ್ರಯಿಸುವ ಮಹಾವೃಕ್ಷ ಬರುತ್ತದೆ. ದಾನಿಯೇಲನಲ್ಲಿ ಅದು ಬಾಬೆಲಿನ ದೊರೆಯ ಸಾಮ್ರಾಜ್ಯ. ಕೊನೆಗೆ ಕಡಿಯಲ್ಪಡುವ ಮರ. ಯೆಹೆಜ್ಕೇಲನಲ್ಲಿ ಅದು ಬೆಟ್ಟದ ಮೇಲೆ ದೇವರು ನೆಡುವ ದೇವದಾರು. ಆ ಹಕ್ಕಿಗಳನ್ನೇ ತಂದು ಒಂದು ಒಗ್ಗರಣೆಯ ಗಿಡದ ಕೆಳಗೆ ಇಳಿಸಿದರೆ ಕೇಳುಗರಿಗೆ ದೇವದಾರು ನೆನಪಾಗದೆ ಇರುವುದಿಲ್ಲ. ದೇವರ ರಾಜ್ಯ ಸಾಮ್ರಾಜ್ಯದ ಮಾದರಿಯಲ್ಲಿ ಬೆಳೆಯುವುದಿಲ್ಲ ಎಂಬ ಸೂಚನೆ ಮಾರ್ಕನ ರೂಪದಲ್ಲಿ ಹೆಚ್ಚು ನಿಚ್ಚಳ. ಕಥೋಲಿಕ ಪರಂಪರೆಯ ಕನ್ನಡ ಅನುವಾದದಲ್ಲಿ 'ಸ್ವರ್ಗಸಾಮ್ರಾಜ್ಯ' ಎಂಬ ಪದವಿರುವುದು ಈ ದೃಷ್ಟಿಯಿಂದ ತುಸು ಭಾರವೆನಿಸುತ್ತದೆ. 'ಪರಲೋಕರಾಜ್ಯ' ಅಷ್ಟು ಭಾರವಿಲ್ಲ.

ಕಿರಿದನ್ನು ಹಿರಿದಾಗಿಸದೆಯೇ ಅದರ ಗುಣವನ್ನು ಎತ್ತಿಹಿಡಿಯುವ ದಾರಿ ಕನ್ನಡಕ್ಕೆ ಹೊಸದಲ್ಲ. ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಬತ್ತಕ್ಕೂ ನರೆದಲೆಗಕ್ಕೂ ಜಗಳ ಬಂದಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬತ್ತ ಸೊರಗುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ತೀರ್ಪು ರಾಗಿಯ ಪರವಾದರೂ ರಾಗಿ ಬತ್ತದ ಗಾತ್ರಕ್ಕೆ ಬೆಳೆಯುವುದಿಲ್ಲ. ಅದರ ಹಿರಿಮೆ ಬಾಳಿಕೆಯಲ್ಲಿದೆ. ರಾಗಿಯ ನಾಡಿನವರಿಗೆ ಸಾಸಿವೆಯ ಸಾಮ್ಯವನ್ನು ಬೋಧಿಸುವವರು ಈ ಕಾವ್ಯವನ್ನು ಪಕ್ಕದಲ್ಲಿಟ್ಟುಕೊಂಡಿದ್ದರೆ ಬೋಧನೆಯ ದಾಟಿ ಬೇರೆಯಾಗಬಹುದಿತ್ತು.

ಜ್ವರಕ್ಕೆ ಹೋದ ಹುಳು

ಮಾರ್ಕನು ಸಾಸಿವೆಯ ಸಾಮ್ಯಕ್ಕೆ ಮುಂಚೆ, ಬೇರೆ ಯಾವ ಸುವಾರ್ತೆಯಲ್ಲಿಯೂ ಇಲ್ಲದ ಒಂದು ಚಿಕ್ಕ ಸಾಮ್ಯವನ್ನು ಇಟ್ಟಿದ್ದಾನೆ. ಒಬ್ಬನು ಬೀಜ ಬಿತ್ತಿ ರಾತ್ರಿ ಮಲಗಿ ಹಗಲು ಏಳುತ್ತಿರಲು ಅದು ಅವನಿಗೆ ತಿಳಿಯದ ಹಾಗೆ ಮೊಳೆತು ಬೆಳೆಯುತ್ತದೆ. ಭೂಮಿ ತಾನಾಗಿಯೇ ಮೊದಲು ಗರಿ, ಆಮೇಲೆ ತೆನೆ, ಅನಂತರ ತೆನೆತುಂಬ ಕಾಳು ಕೊಡುತ್ತದೆ. 'ತಾನಾಗಿ' ಎಂಬುದಕ್ಕೆ ಗ್ರೀಕಿನಲ್ಲಿರುವ ಪದ 'ಔಟೊಮಾಟೆ'. ನಂಬಿಕೆಯ ಬೆಳವಣಿಗೆಯಲ್ಲಿ ಮನುಷ್ಯನ ಕೈಯ ಮಿತಿಯನ್ನು ಇಷ್ಟು ನೇರವಾಗಿ ಹೇಳಿದ ಸ್ಥಳ ಇನ್ನೊಂದಿಲ್ಲ.

ಈ ಮಾತಿಗೆ ಶಿಡ್ಲಘಟ್ಟದ ಕಡೆ ತಕ್ಕ ಸಾದೃಶ್ಯವಿದೆ. ಅದನ್ನು ಇಲ್ಲಿ ತರಲು ಬೈಬಲಿನಲ್ಲಿಯೇ ಒಂದು ನೆಪ ಸಿಗುತ್ತದೆ. ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಸಾಸಿವೆಯಂತಹ ನಂಬಿಕೆಯ ಮಾತಿಗೆ ಬೇರುಸಹಿತ ಕಿತ್ತು ಸಮುದ್ರದಲ್ಲಿ ನೆಟ್ಟುಕೊಳ್ಳುವ ಮರ 'ಸುಕಾಮಿನೋಸ್', ಅಂದರೆ ಕಪ್ಪು ಹಿಪ್ಪುನೇರಳೆ. ಜಕ್ಕಾಯನು ಹತ್ತಿದ 'ಸುಕೊಮೊರೆಯಾ' ಅತ್ತಿಯ ಜಾತಿಯದು, ಎರಡೂ ಬೇರೆ. ತೆಲುಗು ಬೈಬಲು ಇಲ್ಲಿ 'ಕಂಬಳಿಚೆಟ್ಟು' ಎಂದು ಹಿಪ್ಪುನೇರಳೆಯನ್ನೇ ಹೆಸರಿಸಿದೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ತೆಲುಗು ಮನೆಮಾತಿನ ರೈತನಿಗೆ ತನ್ನ ತೋಟದ ಗಿಡವೇ ಧರ್ಮಗ್ರಂಥದಲ್ಲಿ ಎದುರಾಗುತ್ತದೆ. ಅವನ ತೋಟದಲ್ಲಿ ಅದು ಮರವಲ್ಲ, ಕಡ್ಡಿಯಿಂದ ನೆಟ್ಟು ಕಟಾವು ಮಾಡುತ್ತ ಹೋಗುವ ಪೊದೆ, ಎಂಬುದು ಬೇರೆ ಮಾತು.

ಆ ಸೊಪ್ಪನ್ನು ತಿನ್ನುವ ಹುಳು ಮೊಟ್ಟೆಯೊಡೆದಾಗ ಇರುವೆಗಿಂತ ಸಣ್ಣದು. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದರ ತೂಕ ಸುಮಾರು 10,000 ಪಟ್ಟು ಹೆಚ್ಚುತ್ತದೆ. ಅಲ್ಪ ಆರಂಭಕ್ಕೆ ಉದಾಹರಣೆ ಬೇಕಾದವರು ಸಾಮಾನ್ಯವಾಗಿ ಈ ಅಂಕಿಯಲ್ಲಿಗೇ ನಿಲ್ಲುತ್ತಾರೆ. ಹುಳು ಸಾಕುವವರ ಗಮನ ಇರುವುದು ಬೇರೆ ಕಡೆ. ಈ ಬೆಳವಣಿಗೆಯ ನಡುವೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ 'ಜ್ವರ' ಎಂದು ಹೆಸರು: ಮೊದಲನೆಯ ಜ್ವರ, ಎರಡನೆಯ ಜ್ವರ. ಜ್ವರಕ್ಕೆ ಹೋದ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಆಗ ಮೇವು ಹಾಕಬಾರದು, ಹುಳುವನ್ನು ಅಲುಗಿಸಬಾರದು, ತಟ್ಟೆ ಒಣಗಿರಬೇಕು. ಬೆಳವಣಿಗೆಯ ನಿರ್ಣಾಯಕ ಘಟ್ಟ ಹೊರಗಿನವರಿಗೆ ಕಾಯಿಲೆಯಂತೆ ತೋರುವುದನ್ನು ಆ ಪದವೇ ಹೇಳುತ್ತದೆ. ಜ್ವರ ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮೊದಲ ಸೊಪ್ಪು ಹಾಕಬೇಕೆಂಬುದು ಅನುಭವದ ವಿದ್ಯೆ. ಮಾರ್ಕನ ರೈತ ಮಲಗಿ ಏಳುವುದು ಸೋಮಾರಿತನವಲ್ಲ ಎಂಬುದನ್ನು ರೇಷ್ಮೆ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಣಿಕೆಯ ಕೋಷ್ಟಕದಲ್ಲಿ ಸೇರದ್ದು

ಈ ಎರಡು ಓದುಗಳಲ್ಲಿ ಯಾವುದನ್ನು ಹಿಡಿಯುತ್ತೇವೆ ಎಂಬುದರ ಮೇಲೆ ಸ್ಥಳೀಯ ಕ್ರೈಸ್ತ ಚರಿತ್ರೆಯನ್ನು ಬರೆಯುವ ಬಗೆಯೂ ನಿಲ್ಲುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಜೆಸುಯಿಟರ ಕರ್ನಾಟಿಕ್ ಮಿಷನ್ನಿನ ಪಾದ್ರಿಗಳು ಈ ಸೀಮೆಗೆ ಬಂದರು. ಯುರೋಪಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಚಿಕ್ಕಬಳ್ಳಾಪುರ 'ಚಿನ್ನಬಳ್ಳಾಪುರ' ಎಂಬ ತೆಲುಗು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಚಿಕ್ಕ, ತೆಲುಗಿನಲ್ಲಿ ಚಿನ್ನ. ಊರಿನ ಹೆಸರಿನಲ್ಲಿಯೇ ಕಿರಿತನವಿದೆ. 1773ರಲ್ಲಿ ಪೋಪರು ಜೆಸುಯಿಟ್ ಸಂಘವನ್ನೇ ವಿಸರ್ಜಿಸಿದಾಗ ಆ ಕೆಲಸದ ಆಧಾರ ತಪ್ಪಿತು. ಲಂಡನ್ ಮಿಷನ್ 1820ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಅದರ ಕಾರ್ಯ ಕಾಲಾನಂತರದಲ್ಲಿ ಚಿಕ್ಕಬಳ್ಳಾಪುರಕ್ಕೂ ಹಬ್ಬಿ, ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ಎದ್ದಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯವಾದ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆಯಾಯಿತು.

ಮಿಷನ್ನುಗಳ ವಾರ್ಷಿಕ ವರದಿಗಳನ್ನು ನೋಡಿದವರಿಗೆ ಅವುಗಳ ಕೊನೆಯ ಕೋಷ್ಟಕಗಳು ಪರಿಚಿತ: ಸಭೆಗಳು ಎಷ್ಟು, ಸದಸ್ಯರು ಎಷ್ಟು, ಶಾಲೆಗಳು ಎಷ್ಟು, ಮಕ್ಕಳು ಎಷ್ಟು, ಕಾಣಿಕೆ ಎಷ್ಟು. ಹಣ ಕೊಟ್ಟ ದೂರದ ಜನರಿಗೆ ಲೆಕ್ಕ ಒಪ್ಪಿಸಬೇಕಾದ್ದರಿಂದ ಈ ಎಣಿಕೆ ಅನಿವಾರ್ಯವಾಗಿತ್ತು. ಆದರೆ ಆಮೇಲಿನ ಇತಿಹಾಸಕಾರರೂ, ಪರವಾಗಿ ಬರೆದವರಾಗಲಿ ವಿರೋಧವಾಗಿ ಬರೆದವರಾಗಲಿ, ಅದೇ 'ಎಷ್ಟು' 'ಅಷ್ಟು'ಗಳಲ್ಲಿ ಸಿಲುಕಿದರು. ಒಬ್ಬರಿಗೆ ಸಂಖ್ಯೆ ಸಾಲದು, ಇನ್ನೊಬ್ಬರಿಗೆ ಹೆಚ್ಚಾಯಿತು, ತಕ್ಕಡಿ ಒಂದೇ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅರ್ಧ ಶತಮಾನ ಬೆಂಗಳೂರಿನಲ್ಲಿ ದುಡಿದವರು. ಅವರ ಮಗ ಬಿ.ಎಲ್. ರೈಸ್ ಮಿಷನರಿಯಾಗದೆ ಸರ್ಕಾರಿ ಕೆಲಸಕ್ಕೆ ಸೇರಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಕೊಟ್ಟರು; ಕೋಲಾರ ಜಿಲ್ಲೆಯ ಸಂಪುಟದಲ್ಲಿ ನಮ್ಮ ಈ ತಾಲ್ಲೂಕುಗಳ ಶಾಸನಗಳಿವೆ. ಇನ್ನೊಬ್ಬ ಮಗ ಇ.ಪಿ. ರೈಸ್ ಅದೇ ಮಿಷನ್ನಿನ ಸೇವೆಯಲ್ಲಿದ್ದುಕೊಂಡು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. 1921ರಲ್ಲಿ ಬಂದ ಅದರ ಪರಿಷ್ಕೃತ ಆವೃತ್ತಿಯನ್ನು ನಮ್ಮ ವಿಭಾಗಗಳಲ್ಲಿ ಈಗಲೂ ಉಲ್ಲೇಖಿಸುತ್ತಾರೆ. ಮಿಷನ್ ವರದಿಯ ಯಾವ ಅಂಕಣದಲ್ಲಿ ಇವುಗಳನ್ನು ನಮೂದಿಸಬೇಕು? ರಾಗಿಯ ಲೆಕ್ಕದಲ್ಲಿ ಅಕ್ಕಡಿ ಸೇರುವುದಿಲ್ಲ.

ಮಿಷನ್ನುಗಳ ಹಿಂದಿನ ವಸಾಹತು ರಾಜಕಾರಣವನ್ನು ಈ ಮಾತು ಮರೆಮಾಡಬಾರದು. ಮತಾಂತರದ ಪ್ರಶ್ನೆ ಇಂದಿಗೂ ಬಿಸಿಯಾಗಿದೆ. ಸಂಖ್ಯೆಯ ಭಯವೂ ಸಂಖ್ಯೆಯ ಹೆಮ್ಮೆಯೂ ಅದನ್ನು ಇನ್ನಷ್ಟು ಬಿಸಿಮಾಡುತ್ತವೆ. ಅಂಥ ಹೊತ್ತಿನಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಇರುವ ಒಂದು ಸಮುದಾಯ ತನ್ನ ಧರ್ಮಗ್ರಂಥದ ಸಾಸಿವೆಯನ್ನು ಮರವಾಗಲಿರುವ ಕಾಳೆಂದು ಓದಿಕೊಳ್ಳುತ್ತದೆಯೋ, ಅಕ್ಕಡಿಯ ಗಿಡವೆಂದು ಓದಿಕೊಳ್ಳುತ್ತದೆಯೋ ಎಂಬುದು ಅದರ ನೆರೆಹೊರೆಗೂ ಸಂಬಂಧಿಸಿದ ವಿಷಯ. ಮಾರ್ಕನ ಪಠ್ಯ ಎರಡನೆಯ ಓದನ್ನು ಧಾರಾಳವಾಗಿ ಬೆಂಬಲಿಸುತ್ತದೆ. ಈ ನೆಲದ ಒಕ್ಕಲುತನವೂ ಬೆಂಬಲಿಸುತ್ತದೆ.

ಮುಂದಿನ ಕೆಲಸವಾಗಿ ಒಂದನ್ನು ಸೂಚಿಸಬಹುದು. ಹ್ಯಾಂಡ್ಸ್ ಅವರ ಮೊದಲ ಮುದ್ರಣದಿಂದ ಈಚಿನ ಅನುವಾದಗಳವರೆಗೆ, ಸಾಸಿವೆ ಬರುವ ಐದು ಸ್ಥಳಗಳನ್ನು ಸಾಲಾಗಿಟ್ಟು 'ಅಷ್ಟು', 'ಅಂತೆ', 'ಕಾಳು', 'ಬೀಜ', 'ಗಿಡ', 'ಮರ' ಈ ಆರು ಪದಗಳ ಹಾದಿಯನ್ನು ಗುರುತಿಸಬೇಕು. ಅದೇ ಸಾಲಿನಲ್ಲಿ ತೆಲುಗಿನ ಪಠ್ಯಗಳನ್ನೂ ಇಡಬೇಕು. ಜೊತೆಗೆ ಚಿಂತಾಮಣಿ, ಗೌರಿಬಿದನೂರುಗಳ ದ್ವಿಭಾಷಿಕ ಕ್ರೈಸ್ತ ಕುಟುಂಬಗಳ ಹಿರಿಯರು ಈ ಸಾಮ್ಯವನ್ನು ತಮ್ಮ ಮಾತಿನಲ್ಲಿ, ಯಾವ ಭಾಷೆಯಲ್ಲಿ, ಯಾವ ಗಿಡವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ ಎಂಬುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಅಕ್ಕಡಿ ಹಾಕುವ ಹೊಲಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದರಿಂದ ಈ ಎರಡನೆಯ ಕೆಲಸ ಮೊದಲು ಆಗಬೇಕು.